ಹಳೆಯ ವಾಲ್ವ್ ಆಂಪ್ಲಿಫೈಯರ್: ಯಾವುದನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು

ಗಾಜಿನ ವಾಲ್ವ್‌ಗಳಿಂದ ಗಿಟಾರಿನ ಸದ್ದನ್ನು ದೊಡ್ಡದಾಗಿಸುವ ಹಳೆಯ ಆಂಪ್ಲಿಫೈಯರ್ ಒಂದನ್ನು ದುರಸ್ತಿ ಮಾಡಿಸಲು ಹೊರಟರೆ ಹುಬ್ಬಳ್ಳಿಯಲ್ಲಿ ಸಿಗುವ ಸಲಹೆ ಬಹುತೇಕ ಒಂದೇ: "ಒಳಗಿಂದೆಲ್ಲಾ ಕಿತ್ತು ಒಗದು ಹೊಸಾ ಬೋರ್ಡ್ ಹಾಕಸ್ರಿ ಸರ್, ಡಬ್ಬಿ ಚೊಲೊ ಐತಿ." ಈ ಮಾತನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಹಳೆಯ ವಸ್ತುವಿನ ಒಂದು ತಂತಿಯನ್ನೂ ಅಲುಗಿಸಬಾರದು ಎನ್ನುವ ಸಂಗ್ರಾಹಕರ ಹಟವೂ ನನಗೆ ಒಪ್ಪಿಗೆಯಿಲ್ಲ. ಜೀವಕ್ಕೆ ಅಪಾಯ ತರುವ ಭಾಗವನ್ನು ಮರುಯೋಚನೆಯಿಲ್ಲದೆ ಬದಲಿಸಬೇಕು. ನಾದಕ್ಕೆ ಕಾರಣವಾದ ಭಾಗವನ್ನು ಅಳೆದು ನೋಡದೆ ಮುಟ್ಟಬಾರದು.

ಈಗ ನನ್ನ ಮೇಜಿನ ಮೇಲಿರುವುದು ಇಂಗ್ಲೆಂಡಿನಲ್ಲಿ ತಯಾರಾದ ಒಂದು ಸಣ್ಣ ಆಂಪ್ಲಿಫೈಯರ್. ಹುಬ್ಬಳ್ಳಿಯ ರೈಲ್ವೆ ಕುಟುಂಬವೊಂದರ ಅಟ್ಟದಲ್ಲಿ ಬಹಳ ಕಾಲ ಬಿದ್ದಿದ್ದ ಇದರಲ್ಲಿ ಸ್ಪೀಕರಿಗೆ ಶಕ್ತಿ ಕೊಡುವ ಎರಡು ಇಎಲ್84 ವಾಲ್ವ್‌ಗಳು, ಅವುಗಳಿಗೂ ಮೊದಲು ಗಿಟಾರಿನ ಸಣ್ಣ ಸದ್ದನ್ನು ಹಿಗ್ಗಿಸುವ ಇಸಿಸಿ83 ವಾಲ್ವ್, ವಿದ್ಯುತ್ ಪೂರೈಕೆಯಲ್ಲಿ ಎ.ಸಿ.ಯನ್ನು ಡಿ.ಸಿ. ಮಾಡುವ ಇಝಡ್81 ವಾಲ್ವ್ ಇವೆ. ಮೊದಲು ಹೋಗಬೇಕಾದದ್ದು ಅದರ ಎರಡು ಪಿನ್ನಿನ ವೈರ್. ಅರ್ಥಿಂಗ್ ಇಲ್ಲದ ಚಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ, ಕರೆಂಟ್ ಇಳಿದರೆ ಅದು ಗಿಟಾರಿನ ತಂತಿಯವರೆಗೂ, ಅಲ್ಲಿಂದ ನುಡಿಸುವವನ ಬೆರಳಿಗೂ ಬರುತ್ತದೆ. ಮೂರು ಪಿನ್ನಿನ ವೈರ್ ಹಾಕಿ ಚಾಸಿಗೆ ಅರ್ಥಿಂಗ್ ಕೊಡುವುದರಲ್ಲಿ 'ಮೂಲರೂಪ ಕೆಟ್ಟಿತು' ಎಂದು ಕೊರಗುವುದಕ್ಕೆ ಏನೂ ಇಲ್ಲ. ಹಿಂಬದಿಯ ವೋಲ್ಟೇಜ್ ಆಯ್ಕೆಯ ಸ್ವಿಚ್ಚನ್ನೂ ನೋಡಬೇಕು. ಅದು 200ರಲ್ಲಿದ್ದು ನಮ್ಮ 230 ವೋಲ್ಟ್ ಕೊಟ್ಟರೆ ವಾಲ್ವ್ ಒಳಗೆ ಕಾಯುವ, 6.3 ವೋಲ್ಟ್ ಬೇಕಾದ ಹೀಟರ್ ತಂತಿಗೆ 7ಕ್ಕಿಂತ ಹೆಚ್ಚು ಹೋಗಿ ವಾಲ್ವ್‌ಗಳ ಆಯುಷ್ಯ ಕಡಿಮೆಯಾಗುತ್ತದೆ.

ಎರಡನೆಯದು, ವಿದ್ಯುತ್ ಪೂರೈಕೆಯ ಏರಿಳಿತವನ್ನು ತಗ್ಗಿಸುವ ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳು. ಇವುಗಳೊಳಗಿನ ದ್ರವ ದಶಕಗಳಲ್ಲಿ ಒಣಗುತ್ತದೆ. ಗಿಟಾರ್ ಜೋಡಿಸುವ ಮೊದಲೇ ಸ್ಪೀಕರಿನಿಂದ ಗುಂಯ್ ಎಂದು ಕೇಳುವ 100 ಹರ್ಟ್ಜ್ ಸದ್ದಿಗೆ ಸಾಮಾನ್ಯವಾಗಿ ಇದೇ ಕಾರಣ. ಕೆಲಸ ಕಲಿಯುವ ಹುಡುಗರು ಇಲ್ಲಿ ಒಂದು ಮಾತನ್ನು ಮರೆಯಬಾರದು: ಪ್ಲಗ್ ಕಿತ್ತ ಮೇಲೂ ಈ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ ಹಾಕಬೇಕು. ಮೊದಲ ಬಾರಿ ಚಾಲೂ ಮಾಡುವಾಗ ಸೀರೀಸ್ ಬೋರ್ಡಿನ ಬಲ್ಬ್ ಮೂಲಕವೇ ಕರೆಂಟ್ ಕೊಡಬೇಕು (ಒಳಗೆ ಶಾರ್ಟ್ ಇದ್ದರೆ ಬಲ್ಬ್ ಉರಿದು ಕರೆಂಟನ್ನು ತಡೆಯುತ್ತದೆ), ಸ್ಪೀಕರ್ ಜೋಡಿಸಿಯೇ ಇರಬೇಕು; ಸ್ಪೀಕರ್ ಇಲ್ಲದೆ ಜೋರಾಗಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಇಷ್ಟಾದ ಮೇಲೆ ತಾಳ್ಮೆಯ ಕೆಲಸ ಶುರುವಾಗುತ್ತದೆ. ಇಸಿಸಿ83 ಮತ್ತು ಇಎಲ್84ರ ನಡುವೆ ಮೇಣ ಬಳಿದ ಕಾಗದದ ಕೆಪಾಸಿಟರ್‌ಗಳಿದ್ದವು. ಒಂದರ ಮೇಣ ಕರಗಿ ಚಾಸಿಯ ಮೇಲೆ ಕಂದು ಹನಿಯಾಗಿ ಗಟ್ಟಿಯಾಗಿತ್ತು. ಈ ಕೆಪಾಸಿಟರ್ ನಾದವನ್ನು ಮಾತ್ರ ಮುಂದೆ ಬಿಟ್ಟು ಡಿ.ಸಿ.ಯನ್ನು ತಡೆಯಬೇಕು. ಇಎಲ್84ರ ಗ್ರಿಡ್‌ನಲ್ಲಿ, ಅಂದರೆ ನಾದ ವಾಲ್ವ್ ಒಳಗೆ ಹೋಗುವ ಪಿನ್ನಿನಲ್ಲಿ, ಮೀಟರ್ ಇಟ್ಟರೆ ಸೊನ್ನೆ ಬರಬೇಕಾದಲ್ಲಿ ಕೆಲವು ವೋಲ್ಟ್ ಧನಾತ್ಮಕವಾಗಿ ತೋರಿಸಿತು. ಹೀಗೆ ಸೋರಿದ ವೋಲ್ಟೇಜಿನಿಂದ ವಾಲ್ವ್ ಅತಿಯಾಗಿ ಕರೆಂಟ್ ಎಳೆದು, ಒಳಗಿನ ಪ್ಲೇಟ್ ಕೆಂಪಗೆ ಕಾದು, ಕೊನೆಗೆ ಟ್ರಾನ್ಸ್‌ಫಾರ್ಮರನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಆ ಕೆಪಾಸಿಟರ್ ಬದಲಾಗಲೇಬೇಕಿತ್ತು, ಬದಲಾಯಿತು. ಆದರೆ ಟೋನ್ ಭಾಗದ ಕೆಪಾಸಿಟರ್‌ಗಳು ಅಳತೆಗೆ ಸರಿಯಾಗಿದ್ದವು. ಅವನ್ನು ಹಾಗೆಯೇ ಬಿಟ್ಟಿದ್ದೇನೆ. ತೆಗೆದ ಭಾಗಗಳನ್ನು ಹೆಸರು ಬರೆದು ಒಂದು ಚೀಲದಲ್ಲಿಟ್ಟು ಡಬ್ಬಿಯೊಳಗೇ ಇರಿಸಿದ್ದೇನೆ, ಮುಂದೆ ಇದನ್ನು ಬಿಚ್ಚುವವರಿಗೆ ಏನೇನು ಬದಲಾಗಿದೆ ಎಂದು ತಿಳಿಯಲಿ ಎಂದು.

ಹೊಸ ಬೋರ್ಡ್ ಹಾಕಿದರೆ ಕಳೆದುಹೋಗುವುದು ಏನು? ಜೋರಾಗಿ ಮೀಟಿದಾಗ ವಾಲ್ವ್‌ಗಳು ನಾದದ ತುದಿಯನ್ನು ಥಟ್ಟನೆ ಕತ್ತರಿಸದೆ ದುಂಡಗಾಗಿಸುತ್ತವೆ. ಇಝಡ್81ರ ವೋಲ್ಟೇಜ್ ಒಂದು ಕ್ಷಣ ಕುಸಿದು ಮತ್ತೆ ಏರುವುದರಿಂದ ಸ್ವರ ಮೊದಲು ಒತ್ತಿದಂತಾಗಿ ಆಮೇಲೆ ಅರಳುತ್ತದೆ. ಬೆರಳಿನ ಒತ್ತಡಕ್ಕೆ ತಕ್ಕಂತೆ ಇದು ಬದಲಾಗುವುದರಿಂದಲೇ ವಾದಕರು ಇದನ್ನು ಬಿಡಲೊಲ್ಲರು. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರರ ಹಾಡು ಕೇಳಿ ಬೆಳೆದ ನಮ್ಮ ಹುಬ್ಬಳ್ಳಿ-ಧಾರವಾಡದ ಕಿವಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಕೆಟ್ಟರೆ ತಂತಿ ಕೂರುವ ಕುದುರೆಯನ್ನು ನಯವಾಗಿ ಉಜ್ಜಿ ಸರಿಪಡಿಸುತ್ತಾರೆಯೇ ಹೊರತು ಇಡೀ ಬುರುಡೆಯನ್ನು ಕಿತ್ತು ಹಾಕುವುದಿಲ್ಲ.

ವಾಲ್ವ್ ಸಿಗುವುದಿಲ್ಲ ಎಂಬ ನೆಪವೂ ನಿಲ್ಲುವುದಿಲ್ಲ. ಇಎಲ್84 ಮತ್ತು ಇಸಿಸಿ83 ಇಂದಿಗೂ ಸ್ಲೊವಾಕಿಯಾ, ರಷ್ಯಾಗಳಲ್ಲಿ ಹೊಸದಾಗಿ ತಯಾರಾಗುತ್ತಿವೆ. ಅದಕ್ಕಿಂತ ಮುಖ್ಯವಾಗಿ, 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಒಂದು ಕಾಲದಲ್ಲಿ ರೇಡಿಯೋಗಳಿಗೆಂದು ಇದೇ ಇಎಲ್84 ತಯಾರಿಸುತ್ತಿತ್ತು, ಅವು ನಮ್ಮ ಹಳೆಯ ರೇಡಿಯೋ ರಿಪೇರಿ ಅಂಗಡಿಗಳ ಕಪಾಟುಗಳಲ್ಲಿ ಇನ್ನೂ ಉಳಿದಿರಬಹುದು. ಗದಗ, ಹಾವೇರಿ, ಧಾರವಾಡಗಳಲ್ಲಿ ಅಂತಹ ಅಂಗಡಿ ಮುಚ್ಚುತ್ತಿರುವವರು ಯಾರಾದರೂ ನಿಮಗೆ ಪರಿಚಯವಿದ್ದರೆ, ಆ ವಾಲ್ವ್‌ಗಳನ್ನು ಗುಜರಿಗೆ ಹಾಕುವ ಮೊದಲು ದಯವಿಟ್ಟು ನನಗೊಂದು ಸಂದೇಶ ಕಳುಹಿಸಿ; ಬಂದು ಪರೀಕ್ಷಿಸಿ, ಯೋಗ್ಯ ಬೆಲೆ ಕೊಟ್ಟು ತೆಗೆದುಕೊಂಡು ಹೋಗುತ್ತೇನೆ.