ಟೀಮ್ ಬದಲಿಸಿ ಅನ್ನುವ ಮೊದಲು

ಭಾರತ ಹಾಕಿ ತಂಡ ಒಂದು ಟೂರ್ನಿ ಸೋತರೆ ಸಾಕು. ಬೆಂಗಳೂರಿನಲ್ಲಿ ಹಾಕಿ ನೋಡುವವರು ಸೇರಿದ ಕಡೆಯೆಲ್ಲ ಒಂದೇ ಮಾತು: "ಅರ್ಧ ಟೀಮ್ ಕಿತ್ತುಹಾಕಿ, ಹೊಸ ಹುಡುಗರನ್ನ ತನ್ನಿ." ನಾನು ಇದನ್ನು ಒಪ್ಪುವುದಿಲ್ಲ.

2023ರ ಜನವರಿ ನೆನಪಿಸಿಕೊಳ್ಳಿ. ನಮ್ಮದೇ ನೆಲದಲ್ಲಿ, ಒಡಿಶಾದಲ್ಲಿ ವಿಶ್ವಕಪ್. ನ್ಯೂಜಿಲೆಂಡ್ ಎದುರು 3-1ರಿಂದ ಮುಂದಿದ್ದೆವು, ಆಮೇಲೆ ಶೂಟೌಟ್‌ನಲ್ಲಿ ಸೋತೆವು. ಕ್ವಾರ್ಟರ್ ಫೈನಲ್ ಕೂಡ ಸಿಗಲಿಲ್ಲ. ಆಗ ಬೈಸಿಕೊಂಡ ತಂಡದ 12 ಮಂದಿ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ 16 ಮಂದಿಯಲ್ಲಿದ್ದರು. ಕಂಚು ಗೆದ್ದು ಬಂದರು. ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿದರು, 1972ರ ನಂತರ ಮೊದಲ ಸಲ!

ಬದಲಾಗಿದ್ದು ಕೋಚ್, ಮತ್ತು ಆಡುವ ರೀತಿ. ಕ್ರೇಗ್ ಫುಲ್ಟನ್ ಬಂದ ಮೇಲೆ ಡಿಫೆನ್ಸ್‌ಗೆ ಮೊದಲ ಜಾಗ. ಬಾಲ್ ಕೈತಪ್ಪಿದ ಕೂಡಲೇ ಫಾರ್ವರ್ಡ್‌ಗಳೂ ಹಿಂದೆ ಓಡಿಬರಬೇಕು. ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ಇದರ ಬೆಲೆ ಗೊತ್ತಾಯಿತು. 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್. ಉಳಿದ 40ಕ್ಕೂ ಜಾಸ್ತಿ ನಿಮಿಷ ಹತ್ತೇ ಜನ. ಆದರೂ 1-1ರಲ್ಲಿ ಹಿಡಿದು ನಿಲ್ಲಿಸಿದರು, ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಗೋಲಿನಲ್ಲಿ ಶ್ರೀಜೇಶ್ ಗೋಡೆಯ ಹಾಗೆ ನಿಂತಿದ್ದರು ನಿಜ. ಆದರೆ ಒಬ್ಬ ಕಡಿಮೆಯಿದ್ದಾಗ ಯಾರು ಎಲ್ಲಿ ನಿಲ್ಲಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತಲ್ಲ, ಅದು ಜೊತೆಯಲ್ಲಿ ವರ್ಷಗಟ್ಟಲೆ ಆಡಿದವರಿಗೆ ಮಾತ್ರ ಬರುತ್ತದೆ. ನಿನ್ನೆ ಮೊನ್ನೆ ಸೇರಿದವರಿಗೆ ಬರುವುದಿಲ್ಲ.

2025ರ ಜೂನ್‌ನಲ್ಲಿ ಯುರೋಪಿನಲ್ಲಿ ನಡೆದ ಪ್ರೊ ಲೀಗ್ (ದೇಶಗಳ ತಂಡಗಳು ಆಡುವ ಅಂತರರಾಷ್ಟ್ರೀಯ ಲೀಗ್) ಪಂದ್ಯಗಳಲ್ಲಿ ಸಾಲಾಗಿ ಸೋತಾಗಲೂ ಇದೇ ಗಲಾಟೆ. ಸೆಪ್ಟೆಂಬರ್‌ನಲ್ಲಿ ಬಿಹಾರದ ರಾಜ್‌ಗೀರ್‌ನಲ್ಲಿ ಕೊರಿಯಾವನ್ನು 4-1ರಿಂದ ಸೋಲಿಸಿ ಏಷ್ಯಾ ಕಪ್ ಗೆದ್ದೆವು. ಏಷ್ಯಾದ ಎದುರಾಳಿಗಳು ಯುರೋಪಿನವರಷ್ಟು ಗಟ್ಟಿಯಲ್ಲ, ಹಾಗಾಗಿ ಈ ಗೆಲುವನ್ನು ನಾನು ಜಾಸ್ತಿ ಹೊಗಳುವುದಿಲ್ಲ.

ಕೊರತೆ ಇದೆ, ಅದು ನನ್ನನ್ನು ಕಾಡುತ್ತದೆ. ಪ್ಯಾರಿಸ್‌ನಲ್ಲಿ ನಾವು ಹೊಡೆದಿದ್ದು 15 ಗೋಲು. ಅದರಲ್ಲಿ 10 ನಾಯಕ ಹರ್ಮನ್‌ಪ್ರೀತ್ ಒಬ್ಬರದೇ, ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಕಾರ್ನರ್ ಮತ್ತು ಪೆನಾಲ್ಟಿ ಸ್ಟ್ರೋಕ್‌ಗಳಿಂದ. ಉಳಿದವರೆಲ್ಲ ಸೇರಿ ಐದು! ಹರ್ಮನ್‌ಪ್ರೀತ್ ಅವರ ಡ್ರ್ಯಾಗ್ ಫ್ಲಿಕ್ (ಬಾಲನ್ನು ಸ್ಟಿಕ್‌ನಲ್ಲಿ ಎಳೆದು ಗೋಲಿನತ್ತ ಚಿಮ್ಮಿಸುವ ಹೊಡೆತ) ಕೆಲಸ ಮಾಡದ ದಿನ ಏನು ಗತಿ? ಇದಕ್ಕೆ ಇಡೀ ಫಾರ್ವರ್ಡ್ ಲೈನ್ ಬದಲಿಸಬೇಕಿಲ್ಲ. ಅಭಿಷೇಕ್, ಸುಖ್‌ಜೀತ್ ಇಬ್ಬರಿಗೂ ಸರ್ಕಲ್ (ಗೋಲಿನ ಮುಂದಿನ ಅರ್ಧವೃತ್ತ) ಒಳಗೆ ಗೋಲು ಹೊಡೆಯುವ ತಾಕತ್ತಿದೆ. ರಿಬೌಂಡ್‌ಗೆ ಕಾದು ನಿಲ್ಲುವುದು, ಕಾರ್ನರ್‌ನಲ್ಲಿ ನೇರ ಫ್ಲಿಕ್ ಬಿಟ್ಟು ಬೇರೆ ದಾರಿ ಹುಡುಕುವುದು, ಇವೆಲ್ಲ ಇಲ್ಲೇ ನಮ್ಮ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕ್ಯಾಂಪಿನಲ್ಲಿ ದಿನಾ ಮಾಡಿ ಮಾಡಿ ಕಲಿಯುವ ಕೆಲಸ.

ಗಣೇಶ್, ಗೋವಿಂದ, ಸೋಮಯ್ಯ, ರಘುನಾಥ್, ಸುನಿಲ್ ಅಂಥವರನ್ನು ಕೊಟ್ಟ ಕೊಡಗಿನ ಒಬ್ಬ ಹುಡುಗನೂ ಹಾಕಿ ತಂಡದಲ್ಲಿ ಪ್ಯಾರಿಸ್‌ಗೆ ಹೋಗಲಿಲ್ಲ ಅನ್ನುವ ನೋವು ನನಗೂ ಇದೆ. ಆದರೆ ಅದಕ್ಕೆ ಸೀನಿಯರ್‌ಗಳನ್ನು ಓಡಿಸಿದರೆ ಆಗುತ್ತದಾ? ಜೂನಿಯರ್ ಹುಡುಗರಿಗೆ ಒಳ್ಳೆ ಟರ್ಫ್, ಒಳ್ಳೆ ಕೋಚ್ ಬೇಕು. ಹರ್ಮನ್‌ಪ್ರೀತ್ ಜೊತೆಗೆ ನಂಬಿಕೆಯ ಇನ್ನೊಬ್ಬ ಡ್ರ್ಯಾಗ್ ಫ್ಲಿಕರ್ ಬೇಕು. ಆ ಒಂದು ಬದಲಾವಣೆ ಕೇಳಿದರೆ ನಾನೂ ನಿಮ್ಮ ಜೊತೆ ಕೈ ಎತ್ತುತ್ತೇನೆ.