ಡಾರ್ವಿನ್ ಊರಲ್ಲಿ ಕೈ ಮುಗಿದದ್ದು

ಮಗ ಇರುವುದು ಬರ್ಮಿಂಗ್‌ಹ್ಯಾಮಿನಲ್ಲಿ. ಅಲ್ಲಿಂದ ರೈಲಿನಲ್ಲಿ ಒಂದು ತಾಸು ಹೋದರೆ ಚಾರ್ಲ್ಸ್ ಡಾರ್ವಿನ್ ಹುಟ್ಟಿ ಬೆಳೆದ ಊರು. ಅದನ್ನು ಶ್ರೂಸ್‌ಬರಿ ಅನ್ನಬೇಕೋ ಶ್ರೋಸ್‌ಬರಿ ಅನ್ನಬೇಕೋ ಅಂತ ಆ ಊರವರಲ್ಲೇ ಒಮ್ಮತವಿಲ್ಲ. ಟಿಕೆಟ್ ಕೌಂಟರಿನಲ್ಲಿ ನಾನು ಎರಡನ್ನೂ ಹೇಳಿದೆ.

"ಗೈಡ್ ಯಾಕೆ, ನಾನಿಲ್ವಾ?" ಅಂದೆ ನನ್ನವಳಿಗೆ. ಎರಡು ವಾರ ಓದಿಕೊಂಡಿದ್ದೆ. ಸ್ಟೇಷನ್ನಿಂದ ಹೊರಬೀಳುತ್ತಲೇ ಜಡಿಮಳೆ. ಒಂದೇ ಕೊಡೆಯಡಿ ತಲೆ ತಗ್ಗಿಸಿಕೊಂಡು ಏರು ಹತ್ತಿ ಪೇಟೆ ಚೌಕಕ್ಕೆ ಬಂದರೆ ಕಂಚಿನ ಪ್ರತಿಮೆ! ಟೋಪಿ ತೆಗೆದು, ನೆನೆಯುತ್ತಲೇ ಕೈ ಮುಗಿದು ನಿಂತೆ. ಅವಳು ಫೋಟೊ ತೆಗೆದು ಅಲ್ಲಿಂದಲೇ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಳು.

"ರೀ, ಗಡ್ಡ ಎಲ್ಲಿ?"

"ಅದು ವಯಸ್ಸಾದ ಮೇಲೆ ಬಿಟ್ಟಿದ್ದು ಕಣೇ. ಇದು ಊರಲ್ಲಿದ್ದಾಗಿನ ಡಾರ್ವಿನ್."

ಅವಳು ಕನ್ನಡಕ ಒರೆಸಿಕೊಂಡು ಪೀಠ ನೋಡಿದಳು. "ಕ್ಲೈವ್ ಅಂತಿದೆಯಲ್ರೀ."

ರಾಬರ್ಟ್ ಕ್ಲೈವ್! 1757ರಲ್ಲಿ ಪ್ಲಾಸಿಯಲ್ಲಿ ಗೆದ್ದು, ಬಂಗಾಳದ ದುಡ್ಡು ಬಳಿದುಕೊಂಡು ಬಂದು, ಇದೇ ಊರಿನ ಎಂಪಿ ಆದವನು, ಮೇಯರೂ ಆದವನು. ಫೋಟೊ ಅಳಿಸು ಅನ್ನುವಷ್ಟರಲ್ಲಿ ಇತಿಹಾಸದ ಮೇಷ್ಟ್ರಾಗಿರುವ ಭಾಮೈದನ ಉತ್ತರ ಬಂತು: "ಭಾವ, ಕಪ್ಪ ಏನಾದ್ರೂ ಬಾಕಿ ಇತ್ತಾ?"

ಮರ್ಯಾದೆ ಉಳಿಸಿಕೊಳ್ಳಲು ಬೆಲ್‌ಸ್ಟೋನ್ ತೋರಿಸಲು ಹೋದೆ. ಒಂದು ಅಂಗಳದಲ್ಲಿ ಒಂದು ಬಂಡೆ, ಅಷ್ಟೇ. "ಕಲ್ಲು ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ?" ಅಂದಳು. ಕಾಟನ್ ಅನ್ನುವ ಹಿರಿಯರೊಬ್ಬರು ಹುಡುಗ ಡಾರ್ವಿನ್‌ಗೆ ಇದನ್ನು ತೋರಿಸಿ, ಇಂಥ ಕಲ್ಲು ಸುತ್ತಮುತ್ತ ಎಲ್ಲೂ ಇಲ್ಲ, ಇಲ್ಲಿಗೆ ಹೇಗೆ ಬಂತು ಅಂತ ಪ್ರಳಯದವರೆಗೂ ಯಾರಿಗೂ ತಿಳಿಯಲ್ಲ ಅಂದಿದ್ದರಂತೆ. ಇಂಥ ಬಂಡೆಗಳನ್ನು ಹಿಮ ಹೊತ್ತು ತರುತ್ತದೆ ಅಂತ ಮುಂದೆ ಓದಿದಾಗ ಡಾರ್ವಿನ್ ಎಷ್ಟು ಹಿಗ್ಗಿದ್ದರು ಅಂತ ನಾನು ಹೇಳಿ ಮುಗಿಸುವ ಹೊತ್ತಿಗೆ, ಅವಳು ಅದೇ ಕಲ್ಲಿನ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚಿಟ್ಟಿದ್ದಳು. ತಿಂದೆವು.

1809ರಲ್ಲಿ ಅವರು ಹುಟ್ಟಿದ ಮನೆಯ ಹೆಸರು 'ದಿ ಮೌಂಟ್'. ಸೆವರ್ನ್ ಹೊಳೆ ದಾಟಿ ದಿಬ್ಬ ಹತ್ತಬೇಕು. ಅವಳ ಮಂಡಿ ಬೇಡ ಅಂದಿತು. ನನ್ನ ಮಂಡಿ ಆಗಲೇ ಅಂದಿತ್ತು, ನಾನು ಬಾಯಿ ಬಿಟ್ಟಿರಲಿಲ್ಲ.

ವಾಪಸ್ ಬರುವಾಗ ಮಳೆ ನಿಂತಿತ್ತು. ಸ್ಟೇಷನ್ ಹತ್ತಿರವೇ ಒಂದು ಲೈಬ್ರರಿ, ಡಾರ್ವಿನ್ ಓದಿದ ಹಳೆಯ ಶಾಲೆ. ಅದರ ಮುಂದೆ ಕುರ್ಚಿಯಲ್ಲಿ, ಗಡ್ಡ ಸಮೇತ, ಸಾಕ್ಷಾತ್ ಡಾರ್ವಿನ್. 1897ರಿಂದ ಅಲ್ಲೇ ಕೂತಿದ್ದಾರೆ. ಬೆಳಿಗ್ಗೆ ಅವರ ಎದುರಿಗೇ ಕೊಡೆ ಅಡ್ಡ ಹಿಡಿದು ದಾಟಿದ್ದೆವು.

ಈ ಸಲ ಪೀಠ ಓದಿ ಆಮೇಲೆ ಕೈ ಮುಗಿದೆ. ಫೋಟೊ ಗ್ರೂಪಿಗೆ ಹೋಯಿತು. ಮೊದಲು ಬಂದದ್ದು ಚಿಕ್ಕಮ್ಮನ ಉತ್ತರ: "ಟಾಗೋರ್ ಪ್ರತಿಮೆ ಅಲ್ಲೂ ಇದ್ಯಾ? ತುಂಬಾ ಸಂತೋಷ."