ಕೈಯಾರೆ ಕಲಿಯಿರಿ, ಆದರೆ ಮುಟ್ಟಬೇಡಿ

ಬೆಂಗಳೂರಿನ ಕಾಲೇಜೊಂದರಲ್ಲಿ ಆಣ್ವಿಕ ಜೀವವಿಜ್ಞಾನದ ವಿದ್ಯಾರ್ಥಿಗಳಿಗಾಗಿ ನಡೆದ ಮೂರು ದಿನಗಳ 'ಹ್ಯಾಂಡ್ಸ್-ಆನ್' ತರಬೇತಿ ಶಿಬಿರವನ್ನು ಉದ್ಘಾಟಿಸಿದವನು ನಾನೇ. ನನಗೂ ವಿಜ್ಞಾನಕ್ಕೂ ಇದ್ದ ನಂಟು ಎಸ್ಸೆಸ್ಸೆಲ್ಸಿಗೇ ಕಡಿದುಹೋಗಿದೆ. ಆದರೆ ಬರಬೇಕಿದ್ದ ವಿಜ್ಞಾನಿಗಳ ಕಾರು ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಿಂತಲ್ಲೇ ನಿಂತಿದ್ದರಿಂದ, ಅಲ್ಲಿಯ ಕನ್ನಡ ಸಂಘದ ಕೆಲಸಕ್ಕೆಂದು ಬಂದಿದ್ದ ನನಗೇ ಪೇಟ ತೊಡಿಸಿ ವೇದಿಕೆ ಹತ್ತಿಸಿದರು.

ದೀಪ ಬೆಳಗುವುದು ಹಳತಾಯಿತೆಂದು ತೀರ್ಮಾನಿಸಿದ್ದ ಸಂಘಟಕರು ನನ್ನ ಕೈಗೆ ಮೈಕ್ರೋಪಿಪೆಟ್ ಕೊಟ್ಟು, 10 ಮೈಕ್ರೋಲೀಟರ್ ನೀಲಿ ನೀರನ್ನು ಹೀರಿ ಇನ್ನೊಂದು ನಳಿಕೆಗೆ ಬಿಡುವಂತೆ ಕೋರಿದರು. ಮೈಕ್ರೋಲೀಟರ್ ಎಂದರೆ ಲೀಟರಿನ 10 ಲಕ್ಷದಲ್ಲೊಂದು ಪಾಲು. ಪಿಪೆಟ್ಟಿನ ಗುಂಡಿಯನ್ನು ಮೊದಲ ತಡೆಯವರೆಗಷ್ಟೇ ಒತ್ತಿ ಹೀರಬೇಕು, ಬಿಡುವಾಗ ಮಾತ್ರ ಎರಡನೆಯ ತಡೆಯವರೆಗೂ ಒತ್ತಬೇಕು. ನಾನು ಹೀರುವಾಗಲೇ ಪೂರ್ತಿ ಒತ್ತಿದ್ದರಿಂದ ಅಳತೆ ಮೀರಿ ನೀರು ಬಂತು, ಚಪ್ಪಾಳೆಗೇನೂ ಕೊರತೆಯಾಗಲಿಲ್ಲ. ಆಮೇಲೆ ಪಿಪೆಟ್ಟನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಬೀರುವಿಗೆ ಬೀಗ ಹಾಕಿದರು. 'ಹುಡುಗರ ಕೈಗೆ ಕೊಟ್ಟು ಕ್ಯಾಲಿಬ್ರೇಷನ್ ಕೆಟ್ಟರೆ, ಪರಿಶೀಲನೆಗೆ ಬರುವವರಿಗೆ ಏನು ತೋರಿಸೋದು ಸಾರ್?' ಎಂದರು ವಿಭಾಗದ ಮುಖ್ಯಸ್ಥರು.

ಮುಂದಿನದು ಪಿಸಿಆರ್, ಅಂದರೆ ಡಿಎನ್‌ಎ ತುಣುಕಿನ ನಕಲುಗಳನ್ನು ಹೆಚ್ಚಿಸುವ ವಿಧಾನ. ಡಿಎನ್‌ಎಯ ಜೋಡಿ ಎಳೆಗಳನ್ನು ಸುಮಾರು 95 ಡಿಗ್ರಿ ಶಾಖದಲ್ಲಿ ಬಿಡಿಸಿ, ತಣಿಸಿ ಪ್ರೈಮರ್ ಎಂಬ ಚಿಕ್ಕ ಆರಂಭಿಕ ತುಣುಕು ಕೂರಿಸಿ, 72 ಡಿಗ್ರಿಯಲ್ಲಿ ಪ್ರತಿ ಎಳೆಗೂ ಹೊಸ ಜೊತೆ ನೇಯಿಸುವ ಈ ತಂತ್ರಕ್ಕಾಗಿ ಕ್ಯಾರಿ ಮುಲ್ಲಿಸ್ ಅವರಿಗೆ 1993ರಲ್ಲಿ ನೊಬೆಲ್ ಬಂತು. ಸುತ್ತಿಗೊಮ್ಮೆ ದುಪ್ಪಟ್ಟಾಗುತ್ತ ಹೋದರೆ, ಒಂದು ತುಣುಕು 30 ಸುತ್ತು ಮುಗಿಯುವಷ್ಟರಲ್ಲಿ 100 ಕೋಟಿ ದಾಟುತ್ತದೆ. ಇಂಥ ಮಹಿಮೆಯ ಯಂತ್ರಕ್ಕೆ ಹಳದಿ ಟೇಪು ಕಟ್ಟಿ, ಧರ್ಮದರ್ಶನದ ಸಾಲಿನಂತೆ ಹತ್ತತ್ತು ಮಂದಿಯನ್ನು ಬಿಡಲಾಯಿತು. 'ನೋಡಿದ್ದಾಯ್ತಲ್ಲ, ಮುಂದೆ ನಡೀರಿ' ಎಂದು ಅಟೆಂಡರ್ ತಳ್ಳುತ್ತಿದ್ದರು. 17ನೆಯ ಸುತ್ತಿಗೆ ಕರೆಂಟು ಕೈಕೊಟ್ಟಿತು. ಯುಪಿಎಸ್ ಇರಲಿಲ್ಲವೆಂದಲ್ಲ, ಅದನ್ನು ಸಭಾಂಗಣದ ಮೈಕಿಗೆ ಜೋಡಿಸಿದ್ದರಿಂದ ಭಾಷಣಕ್ಕೆ ಮಾತ್ರ ಭಂಗ ಬರಲಿಲ್ಲ.

ಎರಡನೆಯ ದಿನ ಜೆಲ್ ಓಡಿಸಿದರು, ಅಂದರೆ ಲೋಳೆಯಂಥ ಹಾಳೆಯಲ್ಲಿ ಕರೆಂಟು ಹಾಯಿಸಿ ಡಿಎನ್‌ಎ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸುವ ಪ್ರಯೋಗ. ಡಿಎನ್‌ಎಗೆ ಋಣ ಆವೇಶವಿರುವುದರಿಂದ ಅದು ಧನ ಧ್ರುವದ ಕೆಂಪು ತಂತಿಯ ಕಡೆಗೆ ಸಾಗುತ್ತದೆ. ತಂತಿಗಳು ಅದಲುಬದಲಾದರೆ ಬಂದ ದಾರಿಯಲ್ಲೇ ತಿರುಗಿ, ಜೆಲ್ಲಿನ ಸುತ್ತಲಿನ ಬಫರ್ ದ್ರಾವಣಕ್ಕೆ ಬೀಳುತ್ತದೆ. ಡಿಎನ್‌ಎ ಜೊತೆ ಬೆರೆಸಿದ್ದ ಬಣ್ಣವನ್ನು ನೋಡಿ ಹಿಂದಿನ ಸಾಲಿನ ಹುಡುಗಿಯೊಬ್ಬಳು 'ಮೇಡಂ, ಬಣ್ಣ ಹಿಂದಕ್ಕೆ ಹೋಗ್ತಿದೆ' ಎಂದಳು. 'ಪ್ರಶ್ನೋತ್ತರಕ್ಕೆ ನಾಳೆ ಸಮಯ ಕೊಟ್ಟಿದ್ದೀವಿ' ಎಂಬ ಉತ್ತರ ಬಂತು. ನಾಳೆಯವರೆಗೆ ಡಿಎನ್‌ಎ ಕಾಯಲಿಲ್ಲ. ಟಿವಿಯ ಅಡುಗೆ ಕಾರ್ಯಕ್ರಮದಲ್ಲಿ ಮೊದಲೇ ಬೇಯಿಸಿಟ್ಟ ಹೋಳಿಗೆಯನ್ನು ಮೇಜಿನಡಿಯಿಂದ ತೆಗೆಯುವಂತೆ, 2019ರ ಜೆಲ್ಲಿನ ಫೋಟೊ ಪರದೆಯ ಮೇಲೆ ಬಂತು, ಎಲ್ಲರೂ ಅದನ್ನೇ ರೆಕಾರ್ಡಿಗೆ ಅಂಟಿಸಿಕೊಂಡರು.

ಹಾಗೆಂದು 60 ವಿದ್ಯಾರ್ಥಿಗಳ 120 ಕೈಗಳು ಸುಮ್ಮನಿದ್ದವೆಂದರೆ ಅನ್ಯಾಯವಾದೀತು. ಅವು ಹಾಜರಿಗೆ ಸಹಿ ಹಾಕಿದವು, ಒಂಬತ್ತು ಭಾಷಣಗಳಿಗೆ ಚಪ್ಪಾಳೆ ತಟ್ಟಿದವು, ಫೀಡ್‌ಬ್ಯಾಕಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದವು, ಬಿಸಿಬೇಳೆಬಾತಿನ ತಟ್ಟೆ ಹಿಡಿದವು. 'ಎಲ್ಲ ಪ್ರಯೋಗಗಳನ್ನೂ ಸ್ವತಂತ್ರವಾಗಿ ನಡೆಸಿದ್ದಾರೆ' ಎಂಬ ಪ್ರಮಾಣಪತ್ರವಂತೂ ಶಿಬಿರ ಶುರುವಾಗುವ ಹಿಂದಿನ ದಿನವೇ ಅಚ್ಚಾಗಿ ಬಂದಿತ್ತು.

ಸಮಾರೋಪ ಮುಗಿಸಿ ಹೊರಟಾಗ ಹಿಂದಿನ ಸಾಲಿನ ಅದೇ ಹುಡುಗಿ ಮೆಟ್ಟಿಲ ಬಳಿ ತಡೆದಳು. 'ಸಾರ್, ಇಲ್ಲಿ ಪಿಪೆಟ್ ಹಿಡಿದವರು ನೀವೊಬ್ಬರೇ. ಮೊದಲನೇ ತಡೆ ಬಂದಾಗ ಹೆಬ್ಬೆರಳಿಗೆ ಗೊತ್ತಾಗುತ್ತಾ? ಇಂಟರ್‌ವ್ಯೂನಲ್ಲಿ ಮಾಡಿ ತೋರಿಸಿ ಅಂತಾರಂತೆ.' ನಾನು ಜೇಬಿನಿಂದ ಪೆನ್ನು ತೆಗೆದು, ಅದರ ಗುಂಡಿಯನ್ನು ಅರ್ಧ ಒತ್ತಿ ಹಿಡಿದು ತೋರಿಸಿದೆ. ಅಷ್ಟರಲ್ಲಿ ಉಳಿದವರೂ ಬಂದು ಸಾಲಾಗಿ ನಿಂತರು, ಒಬ್ಬೊಬ್ಬರಾಗಿ ಪೆನ್ನು ಇಸಿದುಕೊಂಡು ಒತ್ತಿ ನೋಡಿದರು.